ಕಾಲು ಉಳಿಸುವ ವಿದ್ಯೆ

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ, ಮತ್ತೆ ನಡೆದರೆ ಮತ್ತೆ ಅದೇ ನೋವು. ವೈದ್ಯವಿಜ್ಞಾನ ಈ ಲಕ್ಷಣವನ್ನು ಮೊದಲು ದಾಖಲಿಸಿದ್ದು ಕುದುರೆಯಲ್ಲಿ. ಓಡಿದಾಗ ಹಿಂಗಾಲು ಕುಂಟಿ, ನಿಂತಾಗ ಸರಿಹೋಗುತ್ತಿದ್ದ ಕುದುರೆಯ ತೊಡೆಯ ಅಪಧಮನಿ ಕಟ್ಟಿಕೊಂಡಿದ್ದುದನ್ನು ಫ್ರಾನ್ಸಿನ ಪಶುವೈದ್ಯ ಬೂಲೆ 1831ರಲ್ಲಿ ವರದಿ ಮಾಡಿದರು. 1858ರಲ್ಲಿ ವೈದ್ಯ ಶಾರ್ಕೋ ಅದನ್ನೇ ಮನುಷ್ಯನಲ್ಲೂ ವಿವರಿಸಿದರು.

ನಡೆಯುವಾಗ ಸ್ನಾಯುವಿಗೆ ಹೆಚ್ಚು ರಕ್ತ ಬೇಕು. ಕೊಬ್ಬು ಕಟ್ಟಿ ಕಿರಿದಾದ ನಾಳ ಅಷ್ಟನ್ನು ಒದಗಿಸಲಾರದು. ಹೊಗೆಸೊಪ್ಪು ಮತ್ತು ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣಗಳು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ, ಉರಿಯೂತದಿಂದ ನಾಳ ಮುಚ್ಚುವ ಇನ್ನೊಂದು ಕಾಯಿಲೆಯಂತೂ ಹೊಗೆಸೊಪ್ಪಿಗೇ ಅಂಟಿಕೊಂಡದ್ದು. ನಮ್ಮಲ್ಲಿ ಬೀಡಿ ಸೇದುವ ಯುವಕರ ಬೆರಳುಗಳನ್ನು ಅದು ಇಂದಿಗೂ ಕೊಳೆಸುತ್ತಿದೆ.

ಬರ್ಗರ್ ಕಾಲದಲ್ಲಿ ಕೊಳೆತ ಕಾಲಿಗಿದ್ದ ಮದ್ದು ಗರಗಸ. ಅದು ಬದಲಾಗಲು ಮೊದಲು ನಾಳ ಕಣ್ಣಿಗೆ ಕಾಣಬೇಕಿತ್ತು. 1929ರಲ್ಲಿ ಲಿಸ್ಬನ್ನಿನ ರೆಯ್ನಾಲ್ಡೊ ದೋಸ್ ಸಾಂತೋಸ್ ಮಹಾಪಧಮನಿಗೆ ಬಣ್ಣದ್ರವ ಚುಚ್ಚಿ ಎಕ್ಸ್‌ರೇ ತೆಗೆದರು. ಅವರ ಮಗ ಜೊವಾಂವ್ 1946ರಲ್ಲಿ ನಾಳ ಸೀಳಿ ಒಳಗಿನ ಅಡಚಣೆಯನ್ನೇ ಹೊರತೆಗೆದರು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಶಸ್ತ್ರವೈದ್ಯ ಕುನ್‌ಲಿನ್, ರೋಗಿಯ ಕಾಲಿನದೇ ಅಭಿಧಮನಿಯನ್ನು ತೆಗೆದು ರಕ್ತಕ್ಕೆ ಬಳಸುದಾರಿ ಹೊಲಿದರು. ಇಂದಿನ ಬೈಪಾಸ್ ಶಸ್ತ್ರಚಿಕಿತ್ಸೆ ಅದರ ಮುಂದುವರಿಕೆ.

ದೊಡ್ಡ ತಿರುವು ಬಂದದ್ದು 1964ರ ಜನವರಿ 16ರಂದು, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ. 82 ವರ್ಷದ ಮಹಿಳೆಯೊಬ್ಬರ ಕಾಲ್ಬೆರಳು ಕೊಳೆಯುತ್ತಿತ್ತು, ಆದರೆ ಕಾಲು ಕತ್ತರಿಸಲು ಅವರು ಒಪ್ಪಲಿಲ್ಲ. ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ತೊಡೆಯ ನಾಳದೊಳಕ್ಕೆ ಸಣ್ಣ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ಸರಿಸುತ್ತ ಕಿರಿದಾದ ಜಾಗವನ್ನು ಅಗಲಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣು ಮಾಗಿತು. ಆಕೆ ಸಾಯುವವರೆಗೂ ತನ್ನ ಕಾಲ ಮೇಲೆಯೇ ನಡೆದರು. 1974ರಲ್ಲಿ ಜ್ಯೂರಿಕ್‌ನ ಗ್ರುಯೆಂಟ್ಸಿಗ್ ಕೊಳವೆಯ ತುದಿಗೆ ಬಲೂನು ಜೋಡಿಸಿದರು. ಹೃದಯಕ್ಕೆ ಅದು ತಲುಪಿದ್ದು 1977ರಲ್ಲಿ. ಹೃದಯದ ಆಂಜಿಯೋಪ್ಲಾಸ್ಟಿ ಕಾಲಿನಲ್ಲಿ ಹುಟ್ಟಿದ್ದು ಹೀಗೆ.

ಆದರೆ ಎಲ್ಲರಿಗೂ ಬಲೂನು ಬೇಕಿಲ್ಲ. 1966ರಲ್ಲಿ ಡೆನ್ಮಾರ್ಕಿನ ಲಾರ್ಸನ್ ಮತ್ತು ಲಾಸನ್, ದಿನವೂ ವ್ಯಾಯಾಮ ಮಾಡಿದ ರೋಗಿಗಳು ನೋವಿಲ್ಲದೆ ಹೆಚ್ಚು ದೂರ ನಡೆಯಬಲ್ಲರೆಂದು ತೋರಿಸಿದರು. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಈ ಕ್ರಮ ವಾರಕ್ಕೆ 3 ದಿನದಂತೆ ಕನಿಷ್ಠ 12 ವಾರ ನಡೆಯಬೇಕು. ಜೊತೆಗೆ ತಂಬಾಕು ಬಿಡಬೇಕು. ವೈದ್ಯರು ಹೇಳಿದ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಪ್ಪಿಸಬಾರದು, ಏಕೆಂದರೆ ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ರೋಗ ಪತ್ತೆಯೂ ಸರಳ. ರೋಗಿಯನ್ನು ಮಲಗಿಸಿ ತೋಳಿನ ಮತ್ತು ಕಾಲಿನ ಹರಡಿನ ರಕ್ತದೊತ್ತಡ ಅಳೆಯುತ್ತಾರೆ. ಪೆನ್ನಿನಂಥ ಡಾಪ್ಲರ್ ಸಲಕರಣೆಯಲ್ಲಿ ನಾಡಿಯ ಸುಯ್ ಸದ್ದು ಕೇಳಿಸುತ್ತದೆ. ಹರಡಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದಾಗ 0.9 ಅಥವಾ ಕಡಿಮೆ ಬಂದರೆ ನಾಳ ಕಿರಿದಾಗಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರ ನಾಳ ಗಡುಸಾಗಿ ಅಂಕಿ 1.4 ದಾಟುವುದುಂಟು. ಆಗ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಅಭಿಧಮನಿಯ ತೊಂದರೆ ಬೇರೆ: ಸಂಜೆಗೆ ಕಾಲು ಊದುತ್ತದೆ, ಮೇಲೆತ್ತಿದರೆ ಹಗುರವಾಗುತ್ತದೆ. ಅಪಧಮನಿ ಕಟ್ಟಿದ ಕಾಲಿಗೆ ಮೇಲೆತ್ತಿದರೆ ನೋವು ಹೆಚ್ಚು, ಇಳಿಬಿಟ್ಟರೆ ಸಮಾಧಾನ. ಮೊದಲನೆಯದಕ್ಕೆ ಕೊಡುವ ಬಿಗಿ ಕಾಲುಚೀಲ ಎರಡನೆಯದಕ್ಕೆ ಅಪಾಯಕಾರಿ.

ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದಚಿಕಿತ್ಸೆಗೆಂದೇ ವಿಭಾಗವಿದೆ. ಆದರೂ ಎಷ್ಟೋ ಜನ ಬೆರಳು ಕಪ್ಪಾದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಸಕ್ಕರೆ ಕಾಯಿಲೆಯಿದ್ದರೆ, ಬೀಡಿ ಸಿಗರೇಟಿನ ಚಟವಿದ್ದರೆ, ನಡೆದಾಗ ಮೀನಖಂಡ ನೋಯುತ್ತಿದ್ದರೆ ವಯಸ್ಸಿನ ಮೇಲೆ ತಪ್ಪು ಹೊರಿಸದೆ, ಈ ಬಾರಿ ವೈದ್ಯರಲ್ಲಿಗೆ ಹೋದಾಗ ಕಾಲಿನ ಒತ್ತಡವನ್ನೂ ಅಳೆಯುವಂತೆ ಕೇಳಿ.