ಅರ್ಧಕ್ಕೆ ನಿಂತ ಪೈಲಟ್ ಲೈಸೆನ್ಸ್: ಮುಗಿಸಲು ಯಾವ ಹಾರಾಟ ಶಾಲೆ?

ಎಸ್ಸೆಸ್ಸೆಲ್ಸಿ ಪಾಸಾಗಿ, ಹದಿನೇಳು ವರ್ಷ ತುಂಬಿ, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಖಾಸಗಿ ಪೈಲಟ್ ಲೈಸೆನ್ಸ್ ಪಡೆಯಲು ಅಡ್ಡಿಯಿಲ್ಲ. ಇದನ್ನೇ ಪಿಪಿಎಲ್ ಎನ್ನುತ್ತಾರೆ. ಅದಕ್ಕೆ ಮೊದಲು ಪಡೆಯುವ ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ಹದಿನಾರಕ್ಕೇ ಸಿಗುತ್ತದೆ. ಆರಂಭಿಸುವುದು ಹೀಗೆ ಸುಲಭ. ಆದರೆ ಹದಿನೈದು ಇಪ್ಪತ್ತು ಗಂಟೆ ಹಾರಿದ ಮೇಲೆ ವಿಮಾನ ರಿಪೇರಿಗೆ ಹೋಗುತ್ತದೆ, ಬೋಧಕರು ಬೇರೆ ಕೆಲಸ ಹಿಡಿಯುತ್ತಾರೆ, ಮಳೆಗಾಲ ಬರುತ್ತದೆ, ಮನೆಯ ಹಣ ಮುಗಿಯುತ್ತದೆ. ಹೀಗೆ ನಡುವೆ ನಿಂತವರು ಎರಡನೇ ಬಾರಿ ಶಾಲೆ ಹುಡುಕುವಾಗ ಏನು ನೋಡಬೇಕು? ಹೊಸದಾಗಿ ಸೇರುವವರಿಗೂ ಈ ಮಾಹಿತಿ ಉಪಯೋಗಕ್ಕೆ ಬರಬಹುದು.

ಮೊದಲು ಲೆಕ್ಕ ತಿಳಿದಿರಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಪಿಪಿಎಲ್‌ಗೆ ಕೇಳುವುದು ಕನಿಷ್ಠ 40 ಗಂಟೆಗಳ ಹಾರಾಟ. ಅದರಲ್ಲಿ 20 ಗಂಟೆ ಒಬ್ಬರೇ ಹಾರಿಸಿರಬೇಕು. ಈ ಏಕಾಂಗಿ ಹಾರಾಟದಲ್ಲಿ 5 ಗಂಟೆ ಊರಿಂದೂರಿಗೆ ಹೋಗಿರಬೇಕು, ಅದರಲ್ಲಿಯೂ ಒಂದು ಹಾರಾಟ 150 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 278 ಕಿ.ಮೀ.ಗೆ ಕಡಿಮೆಯಿರಬಾರದು. ವಾಯುಯಾನ ನಿಯಮ, ಹವಾಮಾನ, ದಿಕ್ಕು ಕಂಡುಹಿಡಿಯುವ ವಿದ್ಯೆ, ವಿಮಾನ ಮತ್ತು ಎಂಜಿನ್ ಕುರಿತ ಪರೀಕ್ಷೆ ಪ್ರತ್ಯೇಕ. 40 ಎಂಬುದು ಕನಿಷ್ಠ ಮಾತ್ರ. ಬಿಟ್ಟು ಬಿಟ್ಟು ಕಲಿತವರಿಗೆ ಅದು ಸಾಲುವುದು ಅಪರೂಪ. ಇತ್ತೀಚೆಗೆ ಹಾರಿದ ಗಂಟೆಗಳೂ ಇರಬೇಕೆಂದು ನಿಯಮ ಹೇಳುವುದರಿಂದ, ವರ್ಷಗಟ್ಟಲೆ ಬಿಟ್ಟರೆ ಹಳೆಯ ಗಂಟೆಗಳಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಹಾಗಾಗಿ ಶಾಲೆಯ ಕಟ್ಟಡ, ಹಾಸ್ಟೆಲ್, ಬ್ರೋಷರಿನ ಫೋಟೋ ಎಲ್ಲ ಆಮೇಲೆ. ನನಗೆ ವಾರಕ್ಕೆ ಎಷ್ಟು ಗಂಟೆ ಹಾರಲು ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಅದನ್ನು ಆಫೀಸಿನವರಲ್ಲಿ ಕೇಳಿ ಪ್ರಯೋಜನವಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ ಹ್ಯಾಂಗರ್ ಬಳಿ ನಿಂತು ನೋಡಿ. ಎಂಟು ವಿಮಾನ ಇವೆ ಎಂದಿದ್ದರೆ ಹಾರುತ್ತಿರುವುದು ಎಷ್ಟು, ಎಂಜಿನ್ ಬಿಚ್ಚಿಟ್ಟಿರುವುದು ಎಷ್ಟು ಎಂದು ಎಣಿಸಿ. ನಾಲ್ಕು ಹಾರುವ ವಿಮಾನಕ್ಕೆ ಎಂಬತ್ತು ವಿದ್ಯಾರ್ಥಿಗಳಿದ್ದರೆ ನಿಮ್ಮ ಸರದಿ ಯಾವಾಗ ಬರುತ್ತದೆಂದು ನೀವೇ ಲೆಕ್ಕ ಹಾಕಿ. ಅಲ್ಲಿನ ವಿದ್ಯಾರ್ಥಿಗಳನ್ನು ಚಹಾ ಅಂಗಡಿಗೆ ಕರೆದು, ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ ಎಂದು ಕೇಳಿ. ಲಾಗ್‌ಬುಕ್ ಸುಳ್ಳು ಹೇಳುವುದಿಲ್ಲ.

ಹಣದ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಒಂದೇ ಕಂತಿನಲ್ಲಿ ಪೂರ್ತಿ ಶುಲ್ಕ ಕಟ್ಟಿ. ಹೊಲ ಅಡವಿಟ್ಟು ತಂದ ಹಣ ಅದು. ಒಮ್ಮೆ ಕೈಬಿಟ್ಟರೆ ವಾಪಸು ಪಡೆಯುವುದು ಕಷ್ಟ. ಹಾರಿದಷ್ಟಕ್ಕೆ, ಅಥವಾ ಹತ್ತು ಗಂಟೆಯ ಕಂತಿನಲ್ಲಿ ಹಣ ಪಡೆಯಲು ಒಪ್ಪುವ ಶಾಲೆ ಗಂಟೆಗೆ ಸ್ವಲ್ಪ ಹೆಚ್ಚು ಕೇಳಿದರೂ ಅದೇ ಮೇಲು. ಇಂಧನ, ಲ್ಯಾಂಡಿಂಗ್ ಶುಲ್ಕ, ತೆರಿಗೆ, ಪರೀಕ್ಷಕರ ಶುಲ್ಕ ದರದಲ್ಲಿ ಸೇರಿದೆಯೇ, ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಎರಡು ಸೀಟಿನ ಸೆಸ್ನಾ 152ಕ್ಕಿಂತ ನಾಲ್ಕು ಸೀಟಿನ ಸೆಸ್ನಾ 172 ಹೆಚ್ಚು ಇಂಧನ ಕುಡಿಯುತ್ತದೆ. ಪಿಪಿಎಲ್‌ಗೆ ಚಿಕ್ಕದೇ ಸಾಕು.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಹಾರಾಟದ ಗಂಟೆಯನ್ನು ಎಣಿಸುವುದು ವಿಮಾನ ನೆಲ ಬಿಟ್ಟಾಗಿನಿಂದಲ್ಲ, ಹಾರಲೆಂದು ನಿಂತ ಜಾಗದಿಂದ ತನ್ನ ಶಕ್ತಿಯಲ್ಲಿ ಕದಲಿದಾಗಿನಿಂದ. ಪ್ರಯಾಣಿಕರ ವಿಮಾನಗಳು ಬಂದು ಹೋಗುವ ನಿಲ್ದಾಣದಲ್ಲಿ ರನ್‌ವೇ ಬಿಡುವಾಗುವವರೆಗೆ ಎಂಜಿನ್ ಚಾಲೂ ಇಟ್ಟು ಕಾಯಬೇಕಾಗುತ್ತದೆ. ಆ ಹೊತ್ತೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಚಿಕ್ಕ ನಿಲ್ದಾಣದಲ್ಲಿ ಅದೇ ಒಂದು ಗಂಟೆಯಲ್ಲಿ ಹೆಚ್ಚು ಸಲ ಇಳಿದು ಏರಬಹುದು. ಆದರೆ ರೇಡಿಯೋದಲ್ಲಿ ಕಂಟ್ರೋಲ್ ಟವರ್ ಜತೆ ಮಾತಾಡುವ ಅಭ್ಯಾಸ ದೊಡ್ಡ ನಿಲ್ದಾಣದಲ್ಲಿ ಚೆನ್ನಾಗಿ ಆಗುತ್ತದೆ. ಇಂಗ್ಲಿಷ್ ಮಾತಿಗೆ ಹಿಂಜರಿಯುವವರು ಇದನ್ನೂ ತೂಗಿ ನೋಡಬೇಕು.

ನಮ್ಮ ಗಡಿ ಊರುಗಳಿಗೆ ಯಾವುದು ಹತ್ತಿರ? ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಕಲಬುರಗಿ ಮತ್ತು ಬೆಳಗಾವಿ ಇದ್ದವು. 2022ರ ಪಟ್ಟಿಯಲ್ಲಿ ಹುಬ್ಬಳ್ಳಿ, ಕಡಪ, ಸೇಲಂ ಸೇರಿದವು. ಜಾಗ ಸಿಕ್ಕಿತೆಂದರೆ ತರಬೇತಿ ನಡೆಯುತ್ತಿದೆ ಎಂದಲ್ಲ, ಡಿಜಿಸಿಎ ವೆಬ್‌ಸೈಟಿನ ಮಾನ್ಯತೆ ಪಟ್ಟಿಯಲ್ಲಿ ಶಾಲೆಯ ಹೆಸರು ನೋಡಿಕೊಳ್ಳಿ. ಅಕ್ಕಲಕೋಟೆ, ಸೊಲ್ಲಾಪುರದವರಿಗೆ ಕಲಬುರಗಿ, ಜತ್ತದವರಿಗೆ ಬೆಳಗಾವಿ, ತಾಳವಾಡಿ ಮತ್ತು ವಯನಾಡಿನವರಿಗೆ ಮೈಸೂರು ಹತ್ತಿರ. ಕಾಸರಗೋಡಿನವರಿಗೆ ಮಂಗಳೂರು ಮತ್ತು ಕಣ್ಣೂರು ಎರಡೂ ಪಕ್ಕದಲ್ಲಿವೆಯಲ್ಲ ಎನ್ನಬಹುದು. ನಿಲ್ದಾಣವಿದ್ದಲ್ಲೆಲ್ಲ ಶಾಲೆ ಇರುವುದಿಲ್ಲ. ಕೇರಳದಲ್ಲಿ ರಾಜೀವ್ ಗಾಂಧಿ ವಾಯುಯಾನ ಅಕಾಡೆಮಿ ಇರುವುದು ದೂರದ ತಿರುವನಂತಪುರದಲ್ಲಿ. ಮೇಲಾಗಿ ಕರಾವಳಿಯ ಮಳೆಗಾಲದಲ್ಲಿ ಕಣ್ಣಳತೆಯ ಹಾರಾಟಕ್ಕೆ ದಿನ ಸಿಗುವುದೇ ಕಡಿಮೆ. ಬಯಲುಸೀಮೆಯಲ್ಲಿ ಮಳೆಯ ಕಾಟವಿಲ್ಲ, ಬೇಸಿಗೆಯ ಮಧ್ಯಾಹ್ನದ ಬಿಸಿಲಿನದೇ ಕಾಟ. ಬಿಸಿಗಾಳಿ ತೆಳುವಾಗಿ ಚಿಕ್ಕ ಎಂಜಿನ್ ಸೊರಗುತ್ತದೆ, ವಿಮಾನ ನಿಧಾನವಾಗಿ ಏರುತ್ತದೆ. ದೀಪಾವಳಿ ಕಳೆದ ಮೇಲೆ ಸೇರಿದರೆ ಒಂದೇ ಹಂಗಾಮಿನಲ್ಲಿ ಉಳಿದ ಗಂಟೆ ಮುಗಿಸಬಹುದು.

ಡಿಜಿಸಿಎ 2025ರಿಂದ ಶಾಲೆಗಳಿಗೆ ದರ್ಜೆ ಕೊಡಲಾರಂಭಿಸಿದೆ: ಎ ಪ್ಲಸ್, ಎ, ಬಿ, ಸಿ. ಆ ವರ್ಷದ ಅಕ್ಟೋಬರ್‌ನ ಮೊದಲ ಪಟ್ಟಿಯಲ್ಲಿದ್ದ 35 ಶಾಲೆಗಳಲ್ಲಿ ಒಂದಕ್ಕೂ ಎ ಪ್ಲಸ್ ಅಥವಾ ಎ ಸಿಗಲಿಲ್ಲ. 13ಕ್ಕೆ ಬಿ, 22ಕ್ಕೆ ಸಿ. ಹೆಸರುವಾಸಿ ಶಾಲೆ ಎಂಬ ಮಾತು ಕೇಳಿದಾಗ ಈ ಅಂಕಿ ನೆನಪಿರಲಿ. ವರ್ಷಕ್ಕೆರಡು ಬಾರಿ ಪಟ್ಟಿ ಪರಿಷ್ಕರಣೆಯಾಗುವ ಕಾರಣ ಹೊಸದನ್ನೇ ನೋಡಬೇಕು. ಅಪಘಾತಗಳ ತನಿಖಾ ವರದಿಗಳು ವಿಮಾನ ಅಪಘಾತ ತನಿಖಾ ಬ್ಯೂರೋದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಶಾಲೆಯ ಹೆಸರು ಅಲ್ಲಿದ್ದರೆ ವರದಿಯನ್ನು ಪೂರ್ತಿ ಓದಿ. ಒಂದು ಅವಘಡದಿಂದ ಶಾಲೆ ಕೆಟ್ಟದಾಗುವುದಿಲ್ಲ, ನಿರ್ವಹಣೆಯ ಅದೇ ತಪ್ಪು ಮತ್ತೆ ಮತ್ತೆ ಕಂಡರೆ ಮಾತ್ರ ದೂರವಿರಿ.

ಹಳೆಯ ಶಾಲೆ ಬಿಡುವ ಮುನ್ನ ಮುಖ್ಯ ಬೋಧಕರಿಂದ ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ಸಹಿ, ಮೊಹರು ಹಾಕಿಸಿ. ತರಬೇತಿ ದಾಖಲೆ ಮತ್ತು ಬಾಕಿಯಿಲ್ಲದ ಪತ್ರವನ್ನೂ ಪಡೆಯಿರಿ. ಶಾಲೆ ಮುಚ್ಚಿದ ಮೇಲೆ ಸಹಿಗಾಗಿ ಅಲೆಯುವುದು ಬೇಡ. ಹೊಸ ಶಾಲೆಯವರು ನಿಮ್ಮನ್ನು ಮೊದಲು ಬೋಧಕರ ಜತೆ ಹಾರಿಸಿ ನೋಡುತ್ತಾರೆ, ಆ ನಾಲ್ಕೈದು ಗಂಟೆಗೂ ಹಣ ತೆಗೆದಿಡಿ. ಅಂಕಪಟ್ಟಿಯಲ್ಲಿ ಮಲಯಾಳಿ ಶೈಲಿಯ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು, ಅಥವಾ ಮರಾಠಿ ಕ್ರಮದಲ್ಲಿ ತಂದೆಯ ಹೆಸರು ನಡುವೆ ಬಂದಿರುವುದು ಗಡಿನಾಡಿನಲ್ಲಿ ಮಾಮೂಲು. ಇವನ್ನು ಒಂದೇ ರೀತಿ ಮಾಡಿಸಿಕೊಂಡೇ ಅರ್ಜಿ ಹಾಕಿ.

ಪಿಪಿಎಲ್ ಇಟ್ಟುಕೊಂಡು ಸಂಬಳಕ್ಕೆ ವಿಮಾನ ಹಾರಿಸುವಂತಿಲ್ಲ. ಉದ್ಯೋಗವೇ ಗುರಿಯಾದರೆ ಬೇಕಿರುವುದು 200 ಗಂಟೆಯ ಕಮರ್ಷಿಯಲ್ ಲೈಸೆನ್ಸ್. ಅದಕ್ಕೆ ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು, ಪಿಪಿಎಲ್‌ಗೆ ಎರಡನೇ ದರ್ಜೆ ಸಾಕು. ಕಣ್ಣು, ಕಿವಿ, ಹೃದಯದ ಪರೀಕ್ಷೆಯನ್ನು ಬಾಕಿ ಗಂಟೆಗಳಿಗೆ ಹಣ ಕಟ್ಟುವ ಮೊದಲೇ ಮಾಡಿಸಿ.