ಟೋಕಿಯೊದಲ್ಲಿ ಅಳೆದ ಸಿಗ್ನಲ್, ಮಲೆನಾಡಿನಲ್ಲಿ ಸಿಗದ ಸಿಗ್ನಲ್

ಫೋನ್ ಸ್ಕ್ರೀನಿನ ಮೇಲ್ತುದಿಯಲ್ಲಿ ಸಿಗ್ನಲ್ ಕಡ್ಡಿಗಳು ಇರ್ತಾವಲ್ಲ, ಇವತ್ತಿನ ಸಂಚಿಕೆ ಅವುಗಳ ಹಿಂದಿನ ಇತಿಹಾಸದ ಬಗ್ಗೆ. ಒಂದು ಕಡೆ ಟವರ್ ನಿಲ್ಲಿಸೋ ಮುಂಚೆಯೇ, ಇಲ್ಲಿಂದ ಎಷ್ಟು ದೂರದವರೆಗೆ ಎಷ್ಟು ಸಿಗ್ನಲ್ ಹೋಗುತ್ತೆ ಅಂತ ಯಾರೋ ಕೂತು ಲೆಕ್ಕ ಹಾಕಿರ್ತಾರೆ. ಆ ಲೆಕ್ಕದ ಮೂಲ ಹುಡುಕ್ತಾ ಹೋದ್ರೆ ನಾವು ತಲುಪೋದು 1960ರ ದಶಕದ ಟೋಕಿಯೊಗೆ.

ಮೊದಲು ಒಂದು ಪದ ಬಿಡಿಸಿಕೊಳ್ಳೋಣ. ಎಂಜಿನಿಯರ್‌ಗಳು ‘ರೇಡಿಯೊ ಚಾನೆಲ್’ ಅಂದಾಗ ಅದು ಎಫ್‌ಎಂ ಸ್ಟೇಷನ್ ಅಲ್ಲ. ಟವರ್‌ಗೂ ನಿಮ್ಮ ಫೋನಿಗೂ ನಡುವೆ ಇರೋದೆಲ್ಲ ಸೇರಿ ಚಾನೆಲ್: ಗಾಳಿ, ಗೋಡೆ, ಮರ, ಗುಡ್ಡ, ಎದುರಿಗೆ ಬರ್ತಿರೋ ಬಸ್ಸು. ಇದೆಲ್ಲ ದಾಟಿ ಬರುವಾಗ ಸಿಗ್ನಲ್ ಎಷ್ಟು ಸವೆಯುತ್ತೆ ಅಂತ ಮೊದಲೇ ಅಂದಾಜು ಮಾಡೋ ಸೂತ್ರಕ್ಕೆ ಚಾನೆಲ್ ಮಾಡೆಲ್ ಅಂತಾರೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಇದು ಅರ್ಥ ಆಗಿದ್ದು ಬಡ್ಡಿ ಲೆಕ್ಕದ ದಾರಿಯಲ್ಲೇ. ಸಿಗ್ನಲ್ ನಷ್ಟವನ್ನ ಅಳೆಯೋದು ಡೆಸಿಬೆಲ್‌ನಲ್ಲಿ, ಚಿಕ್ಕದಾಗಿ ಡಿಬಿ. 10 ಡಿಬಿ ನಷ್ಟ ಅಂದ್ರೆ ಹತ್ತನೇ ಒಂದು ಭಾಗ ಉಳೀತು. 20 ಡಿಬಿ ಅಂದ್ರೆ ನೂರನೇ ಒಂದು ಭಾಗ. 30 ಅಂದ್ರೆ ಸಾವಿರದಲ್ಲಿ ಒಂದು. ಚಕ್ರಬಡ್ಡಿ ಇದ್ದ ಹಾಗೆ, ಆದ್ರೆ ಉಲ್ಟಾ. ಬೆಳೆಯೋ ಬದಲು ಕರಗ್ತಾ ಹೋಗುತ್ತೆ.

ಈಗ ಇತಿಹಾಸಕ್ಕೆ ಬರೋಣ. 1946ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಹರಾಲ್ಡ್ ಫ್ರಿಸ್ ಅನ್ನೋರು ಒಂದು ಸರಳ ಸೂತ್ರ ಪ್ರಕಟಿಸಿದ್ರು. ನಡುವೆ ಯಾವ ಅಡ್ಡಿಯೂ ಇಲ್ಲದ ಖಾಲಿ ಜಾಗದಲ್ಲಿ ದೂರ ಎರಡರಷ್ಟಾದ್ರೆ ಸಿಗೋ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಇದು ಶುದ್ಧ ಭೌತಶಾಸ್ತ್ರ. ಉಪಗ್ರಹಕ್ಕೆ ಚೆನ್ನಾಗಿ ಹೊಂದುತ್ತೆ. ಆದ್ರೆ ನಾವು ಬದುಕೋದು ಖಾಲಿ ಜಾಗದಲ್ಲಿ ಅಲ್ಲವಲ್ಲ?

ಕಾರಿನಲ್ಲಿ ಕೂತು ಮಾತಾಡೋ ಫೋನ್ ವ್ಯವಸ್ಥೆ ಕಟ್ಟಬೇಕು ಅಂತ ಹೊರಟಾಗ ಈ ಪ್ರಶ್ನೆ ನೇರವಾಗಿ ಎದುರಾಯ್ತು. ಒಂದು ನಗರದ ಪ್ರತಿ ಗೋಡೆ, ಪ್ರತಿ ತಿರುವನ್ನ ಸಮೀಕರಣಕ್ಕೆ ಇಳಿಸೋದು ಆಗದ ಕೆಲಸ. ಜಪಾನಿನ ಟೆಲಿಫೋನ್ ಸಂಸ್ಥೆ ಎನ್‌ಟಿಟಿಯ ಪ್ರಯೋಗಾಲಯದಲ್ಲಿದ್ದ ಯೋಶಿಹಿಸಾ ಒಕುಮುರಾ ಮತ್ತು ಅವರ ಸಹೋದ್ಯೋಗಿಗಳು ಬೇರೆ ದಾರಿ ಹಿಡಿದ್ರು: ಹೋಗಿ ಅಳೆಯೋದು. 1960ರ ದಶಕದ ಮೊದಲ ಭಾಗದಲ್ಲಿ ಟೋಕಿಯೊ ಮತ್ತು ಸುತ್ತಲಿನ ಪ್ರದೇಶದಲ್ಲಿ ಅವರ ಅಳತೆಯ ವಾಹನ ಓಡಾಡ್ತು. ಬೇರೆ ಬೇರೆ ಫ್ರೀಕ್ವೆನ್ಸಿ, ಬೇರೆ ಬೇರೆ ಎತ್ತರದ ಆಂಟೆನಾ, ಬೇರೆ ಬೇರೆ ದೂರ. ಎಲ್ಲವನ್ನೂ ಬರೆದಿಟ್ಟರು. 1968ರಲ್ಲಿ ಆ ವರದಿ ಹೊರಗೆ ಬಂತು. ಅದರ ತಿರುಳು ಗ್ರಾಫ್‌ಗಳು, ಬಾಗಿದ ಗೆರೆಗಳು. ಎಂಜಿನಿಯರ್ ಆದವನು ಗ್ರಾಫ್ ಮೇಲೆ ಬೆರಳಿಟ್ಟು, ಇಷ್ಟು ದೂರಕ್ಕೆ ಇಷ್ಟು ನಷ್ಟ ಅಂತ ಓದಿಕೊಳ್ಳಬೇಕಿತ್ತು.

ಆ ಟೋಕಿಯೊ ಹೇಗಿತ್ತು ಅನ್ನೋದು ಇಲ್ಲಿ ಮುಖ್ಯ. ಕಟ್ಟಡಗಳು 31 ಮೀಟರ್ ಮೀರಬಾರದು ಅನ್ನೋ ನಿಯಮ ಜಪಾನಿನಲ್ಲಿ 1960ರ ದಶಕದ ಆರಂಭದವರೆಗೂ ಇತ್ತು. ಆ ದೇಶದ ಮೊದಲ ಗಗನಚುಂಬಿ ಅನ್ನಿಸಿಕೊಂಡ 36 ಅಂತಸ್ತಿನ ಕಸುಮಿಗಾಸೆಕಿ ಕಟ್ಟಡ ಮುಗಿದಿದ್ದು ಒಕುಮುರಾ ವರದಿ ಬಂದ 1968ರಲ್ಲೇ. ಅಂದ್ರೆ ಆ ಗ್ರಾಫ್‌ಗಳಲ್ಲಿ ಇರೋದು ನಾವು ಇವತ್ತು ಫೋಟೋದಲ್ಲಿ ನೋಡೋ ಟೋಕಿಯೊ ಅಲ್ಲ. ಅದಕ್ಕಿಂತ ಹಿಂದಿನ, ತಗ್ಗು ಕಟ್ಟಡಗಳ ಟೋಕಿಯೊ.

ಒಕುಮುರಾ ಸಪಾಟು ನೆಲ ಅಳೆದು ಸುಮ್ಮನಾಗಲಿಲ್ಲ. ಏರಿಳಿತದ ಗುಡ್ಡಗಳಿದ್ರೆ ಇಷ್ಟು ತಿದ್ದಿ, ಒಂಟಿ ಬೆಟ್ಟ ಅಡ್ಡ ಇದ್ರೆ ಇಷ್ಟು, ಇಳಿಜಾರಿದ್ರೆ ಇಷ್ಟು, ನಡುವೆ ನೀರಿದ್ರೆ ಇಷ್ಟು ಅಂತ ತಿದ್ದುಪಡಿಯ ಗ್ರಾಫ್‌ಗಳನ್ನೂ ಕೊಟ್ಟಿದ್ರು. ಇದನ್ನ ನೆನಪಿಟ್ಟುಕೊಳ್ಳಿ.

1979ರ ಡಿಸೆಂಬರ್‌ನಲ್ಲಿ ಎನ್‌ಟಿಟಿ ಟೋಕಿಯೊದಲ್ಲಿ ಕಾರ್ ಫೋನ್ ಸೇವೆ ಶುರು ಮಾಡ್ತು. ವಾಣಿಜ್ಯ ಬಳಕೆಗೆ ಬಂದ ಮೊದಲ ಸೆಲ್ಯುಲರ್ ಜಾಲ ಅಂತ ಇದನ್ನೇ ಹೇಳ್ತಾರೆ. ಮುಂದಿನ ವರ್ಷ, 1980ರಲ್ಲಿ, ಅದೇ ಸಂಸ್ಥೆಯ ಮಸಾಹರು ಹಾಟಾ ಒಂದು ಪುಟ್ಟ ಲೇಖನ ಪ್ರಕಟಿಸಿದ್ರು. ಗ್ರಾಫ್ ನೋಡಿ ಓದೋದು ಕಂಪ್ಯೂಟರ್‌ಗೆ ಆಗಲ್ಲ, ಅದಕ್ಕೆ ಸೂತ್ರ ಬೇಕು. ಹಾಟಾ ಒಕುಮುರಾ ಗೆರೆಗಳನ್ನ ಸೂತ್ರಕ್ಕೆ ಇಳಿಸಿದ್ರು. ಫ್ರೀಕ್ವೆನ್ಸಿ, ಟವರ್ ಎತ್ತರ, ಫೋನಿನ ಎತ್ತರ, ದೂರ: ನಾಲ್ಕು ಸಂಖ್ಯೆ ಹಾಕಿದ್ರೆ ಉತ್ತರ ಬರುತ್ತೆ. 150ರಿಂದ 1500 ಮೆಗಾಹರ್ಟ್ಸ್‌ವರೆಗೆ, 1ರಿಂದ 20 ಕಿಲೋಮೀಟರ್‌ವರೆಗೆ.

ನಾನು ಇದನ್ನ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. 900 ಮೆಗಾಹರ್ಟ್ಸ್, 30 ಮೀಟರ್ ಎತ್ತರದ ಆಂಟೆನಾ, ಕೈಯಲ್ಲಿ ಹಿಡಿದ ಫೋನ್, ಮಧ್ಯಮ ಗಾತ್ರದ ನಗರ. 1 ಕಿಲೋಮೀಟರ್ ದೂರದಲ್ಲಿ ನಷ್ಟ ಸುಮಾರು 126 ಡಿಬಿ. ಫ್ರಿಸ್ ಸೂತ್ರದ ಖಾಲಿ ಜಾಗದಲ್ಲಾದ್ರೆ ಸುಮಾರು 91.5. ಅಂದ್ರೆ ನಗರ ಅನ್ನೋ ಒಂದೇ ಕಾರಣಕ್ಕೆ ಸಿಗ್ನಲ್ 3000 ಪಟ್ಟು ಸಣ್ಣದಾಯ್ತು. ದೂರ ಎರಡರಷ್ಟಾದ್ರೆ ಉಳಿಯೋದು ನಾಲ್ಕನೇ ಒಂದು ಭಾಗವೂ ಅಲ್ಲ, ಹೆಚ್ಚುಕಮ್ಮಿ ಹನ್ನೊಂದನೇ ಒಂದು ಭಾಗ.

ಇದು ದುಡ್ಡಿನ ಲೆಕ್ಕವೂ ಹೌದು. ಅಂದಾಜಿನಲ್ಲಿ ಸುಮಾರು 10 ಡಿಬಿ ಹೆಚ್ಚುಕಡಿಮೆ ಆದ್ರೆ ಟವರ್ ತಲುಪೋ ದೂರ ಅರ್ಧಕ್ಕೆ ಇಳಿಯುತ್ತೆ. ದೂರ ಅರ್ಧ ಆದ್ರೆ ವಿಸ್ತೀರ್ಣ ಕಾಲು ಭಾಗ. ಅದೇ ಊರಿಗೆ ಒಂದರ ಬದಲು ನಾಲ್ಕು ಟವರ್ ಬೇಕು. ಜಾಗದ ಬಾಡಿಗೆ, ಕರೆಂಟು, ಡೀಸೆಲ್, ಎಲ್ಲ ನಾಲ್ಕು ಪಟ್ಟು. ಕಂಪನಿಗಳು ಈ ಸೂತ್ರಗಳನ್ನ ಅಷ್ಟು ಗಂಭೀರವಾಗಿ ತಗೊಳ್ಳೋದು ಇದಕ್ಕೇ.

ಹಾಟಾ ಸೂತ್ರ ಜಗತ್ತಿನ ಎಲ್ಲೆಡೆ ಹರಡ್ತು. ಯುರೋಪಿನ ಸಂಶೋಧಕರು ಕಾಸ್ಟ್-231 ಅನ್ನೋ ಯೋಜನೆಯಲ್ಲಿ ಅದನ್ನ 2000 ಮೆಗಾಹರ್ಟ್ಸ್‌ವರೆಗೆ ಎಳೆದ್ರು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದಿದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖ್ ರಾಮ್ ಜೊತೆ ಮಾತಾಡಿದಾಗ. ನಮ್ಮಲ್ಲೂ ಜಿಎಸ್‌ಎಂ ಶುರುವಾಗಿದ್ದು 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲೇ. ಈ ಬ್ಯಾಂಡಿನಲ್ಲಿ ನೆಟ್‌ವರ್ಕ್ ಪ್ಲಾನಿಂಗ್ ಕಲಿಯೋ ಯಾವ ಎಂಜಿನಿಯರಿಗೂ ಒಕುಮುರಾ–ಹಾಟಾ ಅನ್ನೋದು ಮೊದಲ ಪಾಠ.

ಈಗ ನೆನಪಿಟ್ಟುಕೊಳ್ಳಿ ಅಂದಿದ್ದು ವಾಪಸ್ ತೆಗೀರಿ. ಹಾಟಾ ಸೂತ್ರದಲ್ಲಿ ಮೂರೇ ಡಬ್ಬಿ: ನಗರ, ಉಪನಗರ, ಬಯಲು. ಮೂರೂ ಹೆಚ್ಚುಕಮ್ಮಿ ಸಮತಟ್ಟಾದ ನೆಲಕ್ಕೆ. ಒಕುಮುರಾ ಬಿಡಿಸಿಟ್ಟಿದ್ದ ಗುಡ್ಡದ, ಇಳಿಜಾರಿನ ತಿದ್ದುಪಡಿಗಳು ಆ ಪುಟ್ಟ ಸೂತ್ರದೊಳಗೆ ಬರಲಿಲ್ಲ. ಹಾಟಾ ಇದನ್ನ ಮುಚ್ಚಿಡಲಿಲ್ಲ, ಮಿತಿಗಳನ್ನ ಸ್ಪಷ್ಟವಾಗಿ ಬರೆದಿದ್ರು. ಆದ್ರೆ ಸುಲಭವಾದದ್ದು ಬೇಗ ಹರಡುತ್ತೆ, ಮಿತಿ ಹಿಂದೆ ಉಳಿಯುತ್ತೆ.

ಈ ಡಬ್ಬಿಗಳ ತೂಕ ನೋಡಿ. 900 ಮೆಗಾಹರ್ಟ್ಸ್‌ನಲ್ಲಿ ನಗರದಿಂದ ಬಯಲಿಗೆ ಬದಲಾಯಿಸಿದ್ರೆ 28.5 ಡಿಬಿ ವ್ಯತ್ಯಾಸ, ಅಂದ್ರೆ 700 ಪಟ್ಟು. ಅದೇ ಟವರ್ ಕಾಗದದ ಮೇಲೆ ಆರು ಪಟ್ಟು ದೂರ ತಲುಪುತ್ತೆ. ಈಗ ಆಗುಂಬೆ ಕಡೆಯ, ಶರಾವತಿ ಹಿನ್ನೀರಿನ ಕಡೆಯ ಒಂದು ಊರನ್ನ ಊಹಿಸಿಕೊಳ್ಳಿ. ಮನೆ ಕಡಿಮೆ, ಜನ ಕಡಿಮೆ. ನಗರ ಅಲ್ಲ, ಉಪನಗರವೂ ಅಲ್ಲ. ಉಳಿದದ್ದು ‘ಬಯಲು’. ಮಲೆನಾಡು ಬಯಲಂತೆ! ಅಲ್ಲಿರೋದು ಗುಡ್ಡ, ಕಣಿವೆ, ದಟ್ಟ ಕಾಡು. ಗುಡ್ಡದ ತುದಿ ಟವರ್‌ಗೂ ಫೋನಿಗೂ ನಡುವಿನ ನೇರ ಗೆರೆಯನ್ನ ಸುಮ್ಮನೆ ಸವರಿದ್ರೂ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಮನೆ ಗುಡ್ಡದ ಹಿಂದಿನ ಕಣಿವೆಯಲ್ಲಿದ್ರೆ ನಷ್ಟ ಇನ್ನೂ ಜಾಸ್ತಿ.

ಗುಡ್ಡಕ್ಕೆ ಲೆಕ್ಕವೇ ಇರಲಿಲ್ಲ ಅಂತಲ್ಲ. ಒಕುಮುರಾ ವರದಿ ಬಂದ 1968ರಲ್ಲೇ ಅಮೆರಿಕದಲ್ಲಿ ಅನಿತಾ ಲಾಂಗ್ಲಿ ಮತ್ತು ಫಿಲಿಪ್ ರೈಸ್ ಏರುತಗ್ಗಿನ ನೆಲಕ್ಕಾಗಿಯೇ ಒಂದು ಕಂಪ್ಯೂಟರ್ ವಿಧಾನ ಕೊಟ್ಟಿದ್ರು. ಅದನ್ನ ಪೂರ್ತಿ ಬಳಸೋಕೆ ದಾರಿಯುದ್ದಕ್ಕೂ ನೆಲದ ಎತ್ತರದ ಮಾಹಿತಿ ಬೇಕು. ಇವತ್ತು ಪ್ಲಾನಿಂಗ್ ಸಾಫ್ಟ್‌ವೇರ್‌ಗಳಲ್ಲಿ ಎತ್ತರದ ನಕ್ಷೆ ಇರುತ್ತೆ. ಜೊತೆಗೆ ಒಳ್ಳೆ ಪದ್ಧತಿ ಅಂದ್ರೆ ಡ್ರೈವ್ ಟೆಸ್ಟ್: ಗಾಡಿಯಲ್ಲಿ ಸುತ್ತಾಡಿ ಸಿಗ್ನಲ್ ಅಳೆದು, ಸ್ಥಳೀಯ ಅಳತೆಗೆ ತಕ್ಕ ಹಾಗೆ ಮಾಡೆಲ್ ತಿದ್ದೋದು. ಒಕುಮುರಾ ಮಾಡಿದ್ದೂ ಅದೇ ತಾನೆ?

ಮಲೆನಾಡಲ್ಲಿ ನೆಟ್‌ವರ್ಕ್ ಇಲ್ಲದ್ದಕ್ಕೆಲ್ಲ ಜಪಾನಿನ ಸೂತ್ರವೇ ಕಾರಣ ಅಂತ ನಾನು ಹೇಳ್ತಿಲ್ಲ. ಗಿರಾಕಿ ಕಡಿಮೆ ಇರೋ ಕಡೆ ಕಂಪನಿಗೆ ಲಾಭ ಕಡಿಮೆ. ಅರಣ್ಯದಲ್ಲಿ ಅನುಮತಿ ಬೇಕು. ಕರೆಂಟು ಕೈಕೊಡುತ್ತೆ. ಆದ್ರೆ ಒಂದು ಊರಿಗೆ ‘ಕವರೇಜ್ ಇದೆ’ ಅಂತ ನಕ್ಷೆಯಲ್ಲಿ ಬಣ್ಣ ಹಚ್ಚಿಬಿಟ್ರೆ, ಅಲ್ಲಿಗೆ ಹೊಸ ಟವರ್ ಕೇಳೋಕೆ ಆಧಾರವೇ ಉಳಿಯಲ್ಲ. ಕೊರೊನಾ ಕಾಲದಲ್ಲಿ ಮಲೆನಾಡಿನ, ಕರಾವಳಿಯ ಎಷ್ಟೋ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿ, ಮಳೆಗೆ ಟಾರ್ಪಾಲು ಕಟ್ಟಿಕೊಂಡು ಕೂತಿದ್ದನ್ನ ನಾವೆಲ್ಲ ಸುದ್ದಿಯಲ್ಲಿ ನೋಡಿದ್ವಿ. ಆ ಮಕ್ಕಳಿಗೆ ಯಾವ ಮಾಡೆಲ್ಲೂ ಗೊತ್ತಿರಲಿಲ್ಲ. ಆದ್ರೆ ಯಾವ ಬಂಡೆ ಮೇಲೆ ಎರಡು ಕಡ್ಡಿ ಬರುತ್ತೆ ಅಂತ ನಿಖರವಾಗಿ ಗೊತ್ತಿತ್ತು. ಅದೂ ಒಂದು ಅಳತೆಯೇ. ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಅಷ್ಟೇ.

2013ರಲ್ಲಿ ಒಕುಮುರಾ ಅವರಿಗೆ ಡ್ರೇಪರ್ ಪ್ರಶಸ್ತಿ ಬಂತು. ಎಂಜಿನಿಯರಿಂಗ್ ಕ್ಷೇತ್ರದ ದೊಡ್ಡ ಗೌರವಗಳಲ್ಲಿ ಅದೊಂದು. ಜೊತೆಗೆ ಹಂಚಿಕೊಂಡವರಲ್ಲಿ ಕೈಯಲ್ಲಿ ಹಿಡಿಯೋ ಮೊಬೈಲ್ ಫೋನಿನ ಮಾರ್ಟಿನ್ ಕೂಪರ್ ಕೂಡ ಇದ್ರು. ಕೂಪರ್ ಹೆಸರು ಕ್ವಿಜ್‌ಗಳಲ್ಲಿ ಬರುತ್ತೆ. ಊರು ಸುತ್ತಿ ಅಳೆದವರ ಹೆಸರು ಅಷ್ಟಾಗಿ ಬರಲ್ಲ.

ಕೊನೆಯಲ್ಲಿ ಒಂದು ಕೆಲಸ ಹೇಳ್ತೀನಿ. ಟ್ರಾಯ್‌ನ 2024ರ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ಕವರೇಜ್ ನಕ್ಷೆಯನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಈ ಸಲ ಊರಿಗೆ ಹೋದಾಗ ಆ ನಕ್ಷೆ ತೆರೆದು ನಿಮ್ಮ ಮನೆ ಹುಡುಕಿ. ಆಮೇಲೆ ಹಿತ್ತಲಲ್ಲಿ, ತೋಟದಲ್ಲಿ, ಬಸ್‌ಸ್ಟಾಪಲ್ಲಿ ನಿಂತು ಫೋನ್ ನೋಡಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಟೆಸ್ಟ್ ಮಾಡಿ ಕಳಿಸಿ. ನಕ್ಷೆಗೂ ನಿಮ್ಮ ಫೋನಿಗೂ ತಾಳೆ ಆಗದಿದ್ರೆ ಊರು, ಜಾಗ, ಸಮಯ ಬರೆದಿಟ್ಟುಕೊಳ್ಳಿ. ಪಂಚಾಯಿತಿಗೆ ಅರ್ಜಿ ಕೊಡುವಾಗ ‘ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ’ ಅನ್ನೋದಕ್ಕಿಂತ ಆ ಪಟ್ಟಿಗೆ ತೂಕ ಜಾಸ್ತಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.