ರೇಚಲ್‌ಳ ಕೊನೆಯಕ್ಷರ: ಒಂದು ಗೋಡೆಬರಹದ ತಪ್ಪು ಓದು

ಬಿಬಿಸಿಯ ‘ಷೆರ್ಲಾಕ್’ ಧಾರಾವಾಹಿಯ ಮೊದಲ ಕಂತು ‘ಎ ಸ್ಟಡಿ ಇನ್ ಪಿಂಕ್’ (2010) ಬಂದಾಗಿನಿಂದ ಒಂದು ಮಾತು ಚಲಾವಣೆಯಲ್ಲಿದೆ: ಈ ಕಂತು ಕಾನನ್ ಡಾಯ್ಲ್‌ನ 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕಾದಂಬರಿಯನ್ನು ತಲೆಕೆಳಗು ಮಾಡಿತು ಎಂದು. ರೂಪಾಂತರ ಎಂದರೆ ಮೂಲಕ್ಕೆ ಮಾಡುವ ಅಪಚಾರ ಎನ್ನುವವರಿಗೆ ಇದೇ ದೊಡ್ಡ ಆಧಾರ. ಅವರು ಮುಂದಿಡುವ ಸಾಕ್ಷಿ ಹೆಣ ಸಿಕ್ಕಿದ ಕೋಣೆಯಲ್ಲಿ ಬರೆದಿದ್ದ ಐದು ರೋಮನ್ ಅಕ್ಷರಗಳದು: ಆರ್, ಎ, ಸಿ, ಎಚ್, ಇ. ಕಾದಂಬರಿಯಲ್ಲಿ ಇದು ‘ರೇಚಲ್’ ಎಂಬ ಹೆಸರಿನ ಅಪೂರ್ಣ ರೂಪ ಎಂದ ಪೊಲೀಸ್ ಪತ್ತೇದಾರ ಲೆಸ್ಟ್ರೇಡ್‌ಗೆ ಹೋಮ್ಸ್, ಅದು ಜರ್ಮನ್ ಭಾಷೆಯ ‘ರಾಖೆ’, ಅರ್ಥ ಸೇಡು, ಎಂದು ತಿಳಿಹೇಳುತ್ತಾನೆ. ಧಾರಾವಾಹಿಯಲ್ಲಿ ಜರ್ಮನ್ ಅರ್ಥ ಹೇಳಲು ಬಂದ ವಿಧಿವಿಜ್ಞಾನ ತಜ್ಞ ಆಂಡರ್ಸನ್‌ನ ಮುಖಕ್ಕೇ ಷೆರ್ಲಾಕ್ ಬಾಗಿಲು ಮುಚ್ಚುತ್ತಾನೆ. ಅದು ರೇಚಲ್ ಎಂಬುದೇ ಇಲ್ಲಿ ನಿಜ. ಹಾಗಾದರೆ ಮೂಲ ತಿರುವುಮುರುವಾಯಿತಲ್ಲವೇ ಎಂಬುದು ಪ್ರಶ್ನೆ.

ಹಾಗೆ ಕೇಳುವವರು ಮೂರನೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚಿದ್ದಾರೆ. ನಾಲ್ಕನೆಯ ಅಧ್ಯಾಯದಲ್ಲಿ ಹೋಮ್ಸ್ ವಾಟ್ಸನ್‌ಗೆ ಹೇಳುವುದೇ ಬೇರೆ. ಗೋಡೆಯ ಮೇಲಿನ ‘ಎ’ ಅಕ್ಷರವನ್ನು ಜರ್ಮನ್ ಶೈಲಿಯಲ್ಲಿ ತಿದ್ದಲಾಗಿತ್ತು. ನಿಜವಾದ ಜರ್ಮನ್ ಹಾಗೆ ಬಿಡಿ ಅಕ್ಷರ ಬರೆಯುವಾಗ ರೋಮನ್ ಲಿಪಿಯನ್ನೇ ಬಳಸುತ್ತಾನೆ, ಆದ್ದರಿಂದ ಇದು ಅತಿ ಮಾಡಲು ಹೋಗಿ ಸಿಕ್ಕಿಬಿದ್ದ ಅನುಕರಣಕಾರನ ಕೈ ಎಂಬುದು ಅವನ ತರ್ಕ. ಪೊಲೀಸರ ದಿಕ್ಕು ತಪ್ಪಿಸಲೆಂದೇ ಬರೆದದ್ದು. ಕೊನೆಗೆ ಕೊಲೆಗಾರ ಜೆಫರ್ಸನ್ ಹೋಪ್ ಕೂಡ ಅದನ್ನೇ ಒಪ್ಪಿಕೊಳ್ಳುತ್ತಾನೆ: ನ್ಯೂಯಾರ್ಕಿನಲ್ಲಿ ಕೊಲೆಯಾದ ಜರ್ಮನ್ ಒಬ್ಬನ ಹೆಣದ ಮೇಲ್ಗಡೆ ಹೀಗೇ ಬರೆದಿದ್ದುದು ನೆನಪಾಗಿ, ತನ್ನದೇ ರಕ್ತದಲ್ಲಿ ಬೆರಳದ್ದಿ ಬರೆದನಂತೆ. ಹಾಗಾಗಿ ಕಾದಂಬರಿಯಲ್ಲೂ ಜರ್ಮನ್ ಸುಳಿವು ಸುಳ್ಳು, ಧಾರಾವಾಹಿಯಲ್ಲೂ ಸುಳ್ಳು. ಲೆಸ್ಟ್ರೇಡ್‌ನ ಸೋತ ಊಹೆ ಗೆದ್ದಿತು, ನಿಜ. ಆದರೆ ತಲೆಕೆಳಗಾದದ್ದು ಅದೊಂದೇ.

ನಿಜವಾದ ಬದಲಾವಣೆ ಬೇರೆಡೆ ಇದೆ, ಅದನ್ನು ನೋಡಲು ಉಗುರಿನ ಕಡೆ ಕಣ್ಣು ಹಾಯಿಸಬೇಕು. ಕಾದಂಬರಿಯಲ್ಲಿ ಗೋಡೆಕಾಗದ ಕಿತ್ತುಬಂದು ಹಳದಿ ಗಾರೆ ಕಾಣುತ್ತಿದ್ದ ಮೂಲೆಯಲ್ಲಿ ರಕ್ತದ ಬರಹವಿದೆ. ಬರೆಯುವಾಗ ಗಾರೆ ಸಣ್ಣಗೆ ಗೀರಿದ್ದರಿಂದ ಕೊಲೆಗಾರನ ಬಲಗೈ ಉಗುರು ಉದ್ದ ಎಂದು ಹೋಮ್ಸ್ ಹೇಳುತ್ತಾನೆ. ಧಾರಾವಾಹಿಯಲ್ಲಿ ರಕ್ತವಿಲ್ಲ, ಗೋಡೆಯಿಲ್ಲ. ಸಾಯುತ್ತಿರುವ ಜೆನಿಫರ್ ವಿಲ್ಸನ್ ಮರದ ನೆಲವನ್ನು ಉಗುರಿನಿಂದ ಕೆರೆದು ಬರೆದಿದ್ದಾಳೆ. ರೇಚಲ್ ಎಂಬುದು ಹುಟ್ಟುವಾಗಲೇ ಸತ್ತಿದ್ದ ಅವಳ ಮಗಳ ಹೆಸರು, ಅವಳ ಫೋನಿನ ಗುಪ್ತಪದವೂ ಹೌದು. ಕೊಲೆಗಾರನ ಉಗುರು ಸತ್ತವಳ ಉಗುರಾಯಿತು. ಹಂತಕನ ಸುಳ್ಳು ಸತ್ತವಳ ಸಾಕ್ಷ್ಯವಾಯಿತು. ಈ ಕಂತು ಬರೆದ ಸ್ಟೀವನ್ ಮೊಫಟ್ ನಾಲ್ಕನೆಯ ಅಧ್ಯಾಯವನ್ನು ಸಾಲುಸಾಲಾಗಿ ಓದಿದ್ದಾನೆ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ಚರ್ಚೆ ನಮಗೇಕೆ? ನಮ್ಮ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದಲ್ಲಿ ಹುಟ್ಟಿದ ಬಿ. ವೆಂಕಟಾಚಾರ್ಯರು ಷೇಕ್ಸ್‌ಪಿಯರ್‌ನ ಅವಳಿಜವಳಿಗಳ ನಾಟಕ ‘ದಿ ಕಾಮಿಡಿ ಆಫ್ ಎರರ್ಸ್’ ಅನ್ನು ವಿದ್ಯಾಸಾಗರರ ಬಂಗಾಳಿಯ ಮೂಲಕ ‘ಭ್ರಾಂತಿವಿಲಾಸ’ವಾಗಿ ಕನ್ನಡಕ್ಕೆ ತಂದವರು. ಎರಡು ಸಲ ರೂಪ ಬದಲಿಸಿದ ಕೃತಿಯನ್ನು ನಮ್ಮ ಹಿರಿಯರು ಅಪಚಾರವೆನ್ನದೆ ಓದಿದರು. ಆದರೂ ಹೆಸರು ಬದಲಿಸಿದರೆ ರೂಪಾಂತರ ಮುಗಿಯಿತು ಎಂಬ ಭ್ರಮೆ ನಮ್ಮಲ್ಲಿ ಉಳಿದಿದೆ. ಈ ಐದು ಅಕ್ಷರಗಳನ್ನು ಕನ್ನಡಕ್ಕೆ ತಂದು ನೋಡಿ. ‘ರಾಖೆ’ ಎಂದು ಬರೆದರೆ ರೇಚಲ್ ಹೋದಳು, ‘ರೇಚ’ ಎಂದು ಬರೆದರೆ ಸೇಡು ಹೋಯಿತು. ಉಚ್ಚಾರಣೆಗೆ ಇಷ್ಟು ನಿಷ್ಠವಾದ ನಮ್ಮ ಲಿಪಿಯಲ್ಲಿ ಸುಳಿವೇ ಸಾಯುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೂ ಅದನ್ನು ಬದುಕಿಸಲಾಗದು.

ಆದರೆ ಕತೆಯನ್ನು ನಮ್ಮದೇ ಜಿಲ್ಲೆಯ ಗುಂಡ್ಲುಪೇಟೆಗೆ ತಂದರೆ ಆ ಸುಳಿವು ಬದುಕುತ್ತದೆ. ಇಲ್ಲಿಂದ ಒಂದು ರಸ್ತೆ ಕೇರಳದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರ ದಾಟಿ ತಮಿಳುನಾಡಿನ ಗೂಡಲೂರಿಗೆ. ಪೇಟೆಯಲ್ಲಿ ಕನ್ನಡ, ತಮಿಳು, ಮಲಯಾಳಂ ಮೂರೂ ಲಿಪಿ ಕಣ್ಣಿಗೆ ಬೀಳುತ್ತವೆ. ತಮಿಳಿನಲ್ಲಿ ಪ, ಬ, ಭಗಳಿಗೆ ಒಂದೇ ಅಕ್ಷರ, ಕ ಮತ್ತು ಗಗಳಿಗೂ ಒಂದೇ. ತಮಿಳು ಬಲ್ಲ ಒಬ್ಬಳು ಸಾಯುವ ಮುನ್ನ ‘ಭಗವತಿ’ ಎಂಬ ಹೆಸರು ಬರೆಯಹೊರಟು ಎರಡೇ ಅಕ್ಷರಕ್ಕೆ ನಿಂತಳು ಎನ್ನಿ. ತಮಿಳಿನ ಅಕ್ಷರ ಕೂಡಿಸಿಕೊಂಡು ಓದುವ ಕನ್ನಡದ ಪೇದೆ ಅದನ್ನು ‘ಪಕ’ ಎಂದು ಓದುತ್ತಾನೆ. ಪಕ್ಕದಲ್ಲಿ ನಿಂತ ಮಲಯಾಳಿ ತಕ್ಷಣ ಅರ್ಥ ಹೇಳುತ್ತಾನೆ, ಏಕೆಂದರೆ ಅವನ ಭಾಷೆಯಲ್ಲಿ ‘ಪಕ’ ಎಂದರೆ ಹಗೆ, ಸೇಡು. ಧಾರಾವಾಹಿಯ ಇಡೀ ಸಿಕ್ಕು, ಆಂಡರ್ಸನ್‌ನ ಆತುರವೂ ಸೇರಿ, ಒಂದೂ ಎಳೆ ಹರಿಯದೆ ನಮ್ಮ ಗಡಿಯಲ್ಲಿ ನಿಂತಿತು.

1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲದ ಹಳೆಯ ದಸ್ತಾವೇಜು ನೋಡಿದವರಿಗೆ ಇಂಥ ಲಿಪಿಗೊಂದಲ ಹೊಸದಲ್ಲ. ಹೋಮ್ಸ್‌ನನ್ನು ಕನ್ನಡದ ಕಿರುತೆರೆಗೆ ತರಬೇಕೆಂದಿರುವವರಲ್ಲಿ ನನ್ನ ವಿನಂತಿ ಇಷ್ಟೇ: ಬೇಕರ್ ಬೀದಿಗೆ ಬೆಂಗಳೂರಿನ ಹೆಸರಿಡುವ ಮೊದಲು ನಾಲ್ಕನೆಯ ಅಧ್ಯಾಯ ಓದಿ, ಆಮೇಲೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ದಿನ ನಿಂತು ಬೋರ್ಡುಗಳನ್ನು ಓದಿ.